ಮುತ್ತಮ್ಮನ ಗಾಡಿಗೆ ಕರೆಂಟು

ನನ್ನ ಬಳೆಗಳು ಯಾರ ಯಾರ ಮನೆಯಲ್ಲಿ ಉಳಿದಿವೆ ಎಂದು ಪಟ್ಟಿ ಮಾಡಲು ಕೂತರೆ ಕೊಡಗಿನ ಅರ್ಧ ಭೂಪಟವೇ ಆದೀತು. ಬ್ಯಾಟರಿಗೆ ಕೈಹಾಕುವ ಮುಂಚೆ ಬಳೆ, ಉಂಗುರ ತೆಗೆದಿಡಬೇಕು. ಲೋಹದ ಬಳೆ ಎರಡು ಟರ್ಮಿನಲ್‌ಗಳ ನಡುವೆ ಸಿಕ್ಕಿಕೊಂಡರೆ ಮಣಿಕಟ್ಟಿಗೆ ಬರೆ ಎಳೆದುಬಿಡುತ್ತದೆ. ಹಾಗಾಗಿ ಕಿಟಕಿ ಮೇಲೋ ಫ್ರಿಜ್ಜಿನ ಮೇಲೋ ತೆಗೆದಿಡುತ್ತೇನೆ, ಕೆಲಸ ಮುಗಿದ ಖುಷಿಯಲ್ಲಿ ಮರೆತು ಬರುತ್ತೇನೆ. ಹೆದರಬೇಡಿ, ಚಿನ್ನದ್ದಲ್ಲ. ನನ್ನ ಮರೆವು ತಿಳಿದ ಮೇಲೆ ನಮ್ಮ ಯಜಮಾನರು ಚಿನ್ನದ ಮಾತೇ ಎತ್ತಿಲ್ಲ.

ಹೋದ ವಾರ ಹುದಿಕೇರಿಯಿಂದ ಬಸ್ಸಿನಲ್ಲಿ ಒಂದು ಸಣ್ಣ ಪೊಟ್ಟಣ ಬಂತು. ಪೇಪರ್ ಬಿಚ್ಚಿದರೆ ನನ್ನದೇ ಹಿತ್ತಾಳೆ ಬಳೆ. ಅದನ್ನು ಕೈಗೆ ಹಾಕಿಕೊಂಡ ಕೂಡಲೇ ಮಣಿಕಟ್ಟು ಜುಮ್ಮೆಂದಿತು. ಬಳೆಯಲ್ಲಿ ಏನೂ ಇರಲಿಲ್ಲ. ನೆನಪಾಗಿದ್ದು ಆ ಗಾಡಿಯ ಬಾಗಿಲು.

ನಾನು ಶನಿವಾರಸಂತೆಯಲ್ಲಿ ಬ್ಯಾಟರಿ, ಇನ್ವರ್ಟರ್ ಅಂಗಡಿ ನಡೆಸುವವಳು. ಅಂಗಡಿ ಅಪ್ಪನದು. ನಾನು ಶಾಲೆಗೆ ಹೋಗುವಾಗ ಸಂತೆಗೆ ಬರುವ ರೈತರು ಟ್ರ್ಯಾಕ್ಟರಿನ ಬ್ಯಾಟರಿಯನ್ನು ಬೆಳಿಗ್ಗೆ ನಮ್ಮಲ್ಲಿ ಇಳಿಸಿ, ಸಂತೆ ಮುಗಿಸಿಕೊಂಡು ಚಾರ್ಜ್ ಆದದ್ದನ್ನು ಹೊತ್ತೊಯ್ಯುತ್ತಿದ್ದರು. ಆ ಆಸಿಡ್ಡಿನ ಹನಿ ಸಿಡಿದು ನನ್ನ ನೀಲಿ ಲಂಗದ ತುಂಬಾ ಸಣ್ಣ ಸಣ್ಣ ತೂತು. "ನಿಮ್ಮನೇಲಿ ಇಲಿ ಜಾಸ್ತಿನೇನಮ್ಮ?" ಎಂದು ಮೇಷ್ಟ್ರು ಕೇಳಿದ್ದಕ್ಕೆ ನಾನು ಮರ್ಯಾದೆ ಉಳಿಸಿಕೊಳ್ಳಲು ಹೌದು ಎಂದಿದ್ದೆ. ಕರೆಂಟು ಇದೆಯೋ ಇಲ್ಲವೋ ಗೊತ್ತಿಲ್ಲದ ಕಡೆ ಕೈಯ ಹಿಂಭಾಗದಿಂದ ಮುಟ್ಟಬೇಕು ಎಂದು ಅಪ್ಪ ಕಲಿಸಿದ್ದರು. "ಅಂಗೈಲಿ ಮುಟ್ಟಿದ್ರೆ ಬೆರಳು ಮಡಚ್ಕೊಂಡು ನೀನೇ ಅದನ್ನ ಹಿಡ್ಕೊಂಡ್‌ಬಿಡ್ತೀಯ ಕಣೇ, ಬಿಡೋಕಾಗಲ್ಲ" ಎನ್ನುತ್ತಿದ್ದರು.

ಇಷ್ಟೆಲ್ಲ ಕಲಿತರೂ ನಾನು ಪುಕ್ಕಲಿ. ಕರೆಂಟಿಗೆ ಹೆದರುವುದಿಲ್ಲ. ಖಾಲಿ ಮನೆ, ಮುಚ್ಚಿದ ಕೋಣೆ, ಸತ್ತವರ ಫೋಟೋ ಇಂಥವಕ್ಕೆ ಹೆದರುತ್ತೇನೆ. ಮೀಟರ್ ಬೋರ್ಡ್ ಇರುವುದೇ ಅಂಥ ಜಾಗಗಳಲ್ಲಿ, ಏನು ಮಾಡುವುದು!

ಕುಶಾಲನಗರದಲ್ಲಿ ಒಬ್ಬರ ತಿಂಡಿ ಗಾಡಿಗೆ ನಾನು ಲಿಥಿಯಂ ಬ್ಯಾಟರಿ ಕೂರಿಸಿದ್ದೆ. ಅದನ್ನು ನೋಡಿದವರೊಬ್ಬರು ಜನವರಿಯಲ್ಲಿ ಫೋನ್ ಮಾಡಿದರು. ಹುದಿಕೇರಿ ಹತ್ತಿರ ತೋಟ, ಹೆಸರು ಬೋಪಣ್ಣ. ನಲವತ್ತು ವರ್ಷ ಲಾರಿ, ಜೀಪುಗಳಿಗೆ ಬಾಡಿ ಕಟ್ಟುವ ವರ್ಕ್‌ಶಾಪ್ ನಡೆಸಿ, ಈಗ ನಿಲ್ಲಿಸಿದ್ದಾರಂತೆ. ಜೀಪಿನ ಹಿಂದೆ ಎಳೆದೊಯ್ಯುವ ಒಂದು ಪುಟ್ಟ ಮನೆಯನ್ನು, ಅಂದರೆ ಟ್ರೇಲರನ್ನು, ತಾವೇ ಕಟ್ಟಿದ್ದಾರೆ. ಅದಕ್ಕೆ ಇನ್ವರ್ಟರ್, ಲಿಥಿಯಂ ಬ್ಯಾಟರಿ, ಸೋಲಾರ್ ಎಲ್ಲ ಆಗಬೇಕು.

"ಎಲ್ಲಿಗೆ ಹೋಗ್ತೀರಣ್ಣ?" ಎಂದೆ.

"ಸಮುದ್ರಕ್ಕೆ. ಸಂಪಾಜೆ ಘಾಟಿ ಇಳಿದು ಮಂಗಳೂರು, ಅಲ್ಲಿಂದ ಮೇಲೆ ಕಾರವಾರದವರೆಗೆ. ಮುತ್ತಮ್ಮನ ಆಸೆ."

ಮುತ್ತಮ್ಮ ಅವರ ಹೆಂಡತಿ ಎಂದು ಅರ್ಥವಾಯಿತು. ಆಕೆ ತೀರಿಕೊಂಡು ನಾಲ್ಕು ತಿಂಗಳಾಗಿದೆ ಎಂದು ಅವರು ಹೇಳಲಿಲ್ಲ.

ಅದನ್ನು ಹೇಳಿದ್ದು ದೇಚಮ್ಮ. ಮುತ್ತಮ್ಮನ ತಂಗಿ, ಪಕ್ಕದ ತೋಟದ ಮನೆಯವರು. ನಮ್ಮೂರಿನಿಂದ ಹುದಿಕೇರಿ ಎಂದರೆ ಕೊಡಗಿನ ಒಂದು ತುದಿಯಿಂದ ಇನ್ನೊಂದು ತುದಿ. ಹಾಗಾಗಿ ಎರಡು ದಿನದ ಕೆಲಸಕ್ಕೆ ಅವರ ಮನೆಯಲ್ಲೇ ನನಗೆ ಉಳಿಯಲು ಏರ್ಪಾಡಾಗಿತ್ತು. ಬೆಳಿಗ್ಗೆ ಬೆಳಿಗ್ಗೆಯೇ ಕಾಫಿ ಕೊಡುತ್ತಾ ಅವರು ನನ್ನ ಮುಖ ನೋಡಿದರು.

"ಗಿರಿಜಮ್ಮ, ನಿಮಗೆ ಹೆದರಿಕೆ ಉಂಟಾ?"

"ಯಾತಕ್ಕೆ?"

"ಅಕ್ಕ ಆ ಗಾಡಿಯಲ್ಲಿ ಇದ್ದಾಳೆ ಅಂತ ಭಾವ ಹೇಳುದು. ಊಟ, ನಿದ್ದೆ ಎಲ್ಲ ಅಲ್ಲೇ. ಮನೆಗೆ ಬೀಗ. ನಾನು ಬುದ್ಧಿ ಹೇಳ್ಲಿಕ್ಕೆ ಅಂತ ಒಂದು ದಿನ ಹೋದೆ." ಅವರು ಸೆರಗಿನಿಂದ ಕೈ ಒರೆಸಿಕೊಂಡರು. ಕೈ ಒದ್ದೆಯಾಗಿರಲಿಲ್ಲ. "ಬಾಗಿಲು ಮುಟ್ಟಿದೆ ನೋಡಿ, ಯಾರೋ ನನ್ನ ಕೈ ಹಿಡಿದ್ರು. ಮತ್ತೆ ನಾನು ಆ ಕಡೆ ಹೋಗ್ಲಿಲ್ಲ."

ಕಾಫಿ ಲೋಟ ಕೆಳಗಿಟ್ಟೆ. ವಾಪಸ್ ಹೊರಡಲು ಒಂದು ಸುಳ್ಳು ಹುಡುಕಿದೆ. ಮಗುವಿಗೆ ಜ್ವರ ಎನ್ನೋಣವೆಂದರೆ ನನ್ನ ಮಗಳಿಗೆ ಮದುವೆಯಾಗಿದೆ. ಅಷ್ಟರಲ್ಲಿ ಬೋಪಣ್ಣನವರ ಜೀಪು ಬಂತು.

ಎಪ್ಪತ್ತರ ಆಸುಪಾಸಿನ ಎತ್ತರದ ಮನುಷ್ಯ, ಒಂದು ಮೊಣಕಾಲು ಸ್ವಲ್ಪ ಎಳೆಯುತ್ತಿತ್ತು. ಮಾತು ಕಮ್ಮಿ. ನಾನು ನನ್ನ ಓಮ್ನಿಯಲ್ಲಿ ಅವರ ಹಿಂದೆ ಹೋದೆ. ಮಂಜು ಎಷ್ಟಿತ್ತೆಂದರೆ ಎದುರಿನ ಜೀಪಿನ ಕೆಂಪು ದೀಪ ಬಿಟ್ಟು ಬೇರೇನೂ ಕಾಣುತ್ತಿರಲಿಲ್ಲ. ಎರಡೂ ಕಡೆ ಕಾಫಿ ಹಣ್ಣು ಕುಯ್ಯುವ ಹೆಂಗಸರ ಮಾತು ಕೇಳುತ್ತಿತ್ತು. ಮುಂದೆ ಹೋದಂತೆ ಆ ಮಾತೂ ನಿಂತಿತು. ಆ ಕಡೆಯ ಗಿಡಗಳಲ್ಲಿ ಹಣ್ಣು ಹಾಗೇ ಕಪ್ಪಾಗಿ ಒಣಗುತ್ತಿತ್ತು. ಲೈನ್‌ಮನೆಯ ಕೂಲಿಯವರು ಯಾರೂ ಹೆದರಿ ಅಲ್ಲಿ ಹಣ್ಣು ಕುಯ್ಯಲು ಬರುವುದಿಲ್ಲವೆಂದು ಆಮೇಲೆ ತಿಳಿಯಿತು.

ಮರಗಳಿಲ್ಲದ ಒಂದು ಬಯಲು ಪಟ್ಟಿಯಲ್ಲಿ ಗಾಡಿ ನಿಂತಿತ್ತು. ಅಲ್ಯೂಮಿನಿಯಂ ತಗಡಿನ ಮೈ, ಎರಡು ಕಿಟಕಿ, ಕಿಟಕಿಗೆ ಹೂವಿನ ಪರದೆ. ಚಕ್ರಗಳ ಕೆಳಗೆ ಮರದ ಹಲಗೆ ಕೊಟ್ಟಿದ್ದರು. ಸೋಲಾರಿಗೆ ಒಳ್ಳೆ ಜಾಗ ಎಂದುಕೊಂಡೆ. ಮೇಲೆ ಎಲ್ಲೋ ಮಂಜಿನೊಳಗೆ ಜೇನು ಎದ್ದ ಹಾಗೆ ಜುಂಯ್ ಎನ್ನುವ ಸದ್ದು. ಅವರ ಕರಿನಾಯಿ ಜೀಪಿನಿಂದ ಇಳಿದು ಇಪ್ಪತ್ತು ಹೆಜ್ಜೆ ದೂರದಲ್ಲೇ ಕೂತಿತು. ಕರೆದರೂ ಬರಲಿಲ್ಲ.

ನಾನು ಬಾಗಿಲ ಹಿಡಿಕೆಗೆ ಕೈ ಹಾಕಿದೆ. ಏನೂ ಆಗಲಿಲ್ಲ. ತಣ್ಣನೆ ಲೋಹ, ಅಷ್ಟೆ. ಪಾಪ, ದೇಚಮ್ಮ ದುಃಖದಲ್ಲಿ ಏನೋ ಭ್ರಮಿಸಿದ್ದಾರೆ ಎಂದು ಧೈರ್ಯ ಬಂತು.

"ಒಂದು ನಿಮಿಷ" ಎಂದರು ಬೋಪಣ್ಣ. "ಚಪ್ಪಲಿ ಹೊರಗೆ ಬಿಡಿ. ಒಳಗೆ ಅವಳ ಫೋಟೋ ಉಂಟು, ದೀಪ ಇಟ್ಟಿದ್ದೇನೆ."

ಚಪ್ಪಲಿ ಬಿಟ್ಟೆ. ಇಬ್ಬನಿಗೆ ನೆಂದ ಹುಲ್ಲು ಪಾದಕ್ಕೆ ತಣ್ಣಗೆ ತಾಗಿತು. ಮತ್ತೆ ಹಿಡಿಕೆ ಹಿಡಿದೆ.

ಒಳಗಿನಿಂದ ಯಾರೋ ನನ್ನ ಕೈ ಹಿಡಿದರು.

ಇದನ್ನು ಬೇರೆ ಹೇಗೂ ಹೇಳಲು ನನಗೆ ಬರುವುದಿಲ್ಲ. ಬೆರಳುಗಳ ಸುತ್ತ ಒಂದು ಬಿಗಿ, ನಡುಗುವ ಬಿಗಿ, ಜ್ವರ ಬಂದವರ ಕೈಯಂತೆ. ಮೊಣಕೈವರೆಗೆ ಏರಿತು. ಕಿತ್ತುಕೊಂಡು ಹಿಂದಕ್ಕೆ ಸರಿದೆ. ಚೀರಿದೆನೋ ಏನೋ, ನಾಯಿ ಎದ್ದು ನಿಂತಿತು.

ಬೋಪಣ್ಣ ನನ್ನನ್ನೇ ನೋಡುತ್ತಿದ್ದರು. ಅವರ ಮುಖದಲ್ಲಿ ಆಶ್ಚರ್ಯವಿರಲಿಲ್ಲ. "ನಿಮಗೂ ಸಿಕ್ಕಿತಾ?" ಎಂದು ಮೆಲ್ಲಗೆ ಕೇಳಿದರು. "ಅವಳು ಹಾಗೇ. ನನ್ನ ಕಾಲು ನೋವಲ್ವ, ಮೆಟ್ಟಿಲು ಹತ್ತುವಾಗ ಒಳಗಿಂದ ಕೈ ಕೊಡ್ತಿದ್ಲು. ಗಾಡಿ ಕಟ್ಟಿದ ಮೇಲೆ ಎರಡೇ ದಿವಸ ಇದರಲ್ಲಿ ಮಲಗಿದ್ದು ನಾವು. ಇರ್ಪು ಹೊಳೆ ಹತ್ತಿರ. ಆಮೇಲೆ ಆಸ್ಪತ್ರೆ."

ಅವರು ಮುಂದೆ ಬಂದು, ಬರಿಗಾಲಲ್ಲಿ ನಿಂತು, ಹಿಡಿಕೆಯನ್ನು ಅಂಗೈ ತುಂಬ ಹಿಡಿದರು. ತೋಳಿನ ಸ್ನಾಯು ಸಣ್ಣಗೆ ಅದುರುವುದು ನನಗೆ ಕಂಡಿತು. ಹಾಗೇ ಸ್ವಲ್ಪ ಹೊತ್ತು ನಿಂತು, ಬಾಗಿಲು ತೆಗೆದು, "ಬನ್ನಿ, ಒಳಗೆ ಎಂತ ಇಲ್ಲ" ಎಂದರು.

ಒಳಗೆ ನಿಜಕ್ಕೂ ಏನೂ ಆಗಲಿಲ್ಲ. ಎರಡು ಮಂಚ, ಗ್ಯಾಸ್ ಒಲೆ, ಮೂಲೆಯಲ್ಲಿ ಸಿಲಿಂಡರ್, ಗೋಡೆಯ ಮೇಲೆ ಕೊಡವ ಸೀರೆ ಉಟ್ಟು ನಗುತ್ತಿರುವ ದಪ್ಪ ಹೆಂಗಸಿನ ಫೋಟೋ. ನಾನು ಆ ಫೋಟೋಕ್ಕೆ ಬೆನ್ನು ಮಾಡಿ ಕೆಲಸ ಮಾಡಲಾರದೆ, ಮುಖ ಮಾಡಿಯೂ ಮಾಡಲಾರದೆ, ಅಡ್ಡಡ್ಡ ಕೂತು ಮಂಚದ ಕೆಳಗಿನ ಪೆಟ್ಟಿಗೆಯಲ್ಲಿ ಬ್ಯಾಟರಿಗೆ ಜಾಗ ಅಳೆದೆ. ಬಳೆ ತೆಗೆದು ಕಿಟಕಿಯ ಮೇಲಿಟ್ಟೆ. ಸಮುದ್ರದವರೆಗೂ ಹೋಗಿ ಬಂದು ಹೋದ ವಾರ ನನ್ನನ್ನು ಸೇರಿದ್ದು ಇದೇ ಬಳೆ. ಬ್ಯಾಟರಿ ಅಲುಗಾಡದಂತೆ ಪಟ್ಟಿ ಬಿಗಿದೆ, ಇನ್ವರ್ಟರಿಗೆ ಗಾಳಿಯಾಡಲು ತಗಡಿನಲ್ಲಿ ಕಿಂಡಿ ಕೊರೆಸಿದೆ, ಹೆಬ್ಬೆರಳು ಗಾತ್ರದ ತಾಮ್ರದ ಕೇಬಲ್ ಎಳೆದೆ. ಯಾವುದಕ್ಕೂ ಇನ್ನೂ ಸಂಪರ್ಕ ಕೊಟ್ಟಿರಲಿಲ್ಲ.

ಹೊರಗೆ ಹೋಗಿ ಕೆಳಗಿನ ಚೌಕಟ್ಟಿಗೆ ಬೋಲ್ಟ್ ಹಾಕಬೇಕಿತ್ತು. ಹುಲ್ಲಿನ ಮೇಲೆ ಕೂತು, ಅಭ್ಯಾಸದಂತೆ ಟೆಸ್ಟರಿನ ತುದಿ ಗಾಡಿಯ ಮೈಗೆ ತಾಗಿಸಿದೆ. ಟೆಸ್ಟರಿನ ಪುಟ್ಟ ದೀಪ ಕೆಂಪಗೆ ಹೊತ್ತಿಕೊಂಡಿತು.

ಒಳಗೆ ಬ್ಯಾಟರಿ ಸಂಪರ್ಕವಿಲ್ಲ. ಹೊರಗಿನಿಂದ ಒಂದು ತಂತಿಯಿಲ್ಲ. ಸೋಲಾರ್ ಹಲಗೆ ಇನ್ನೂ ನನ್ನ ಓಮ್ನಿಯಲ್ಲೇ ಇದೆ. ಟೆಸ್ಟರ್ ತೆಗೆದೆ, ಆರಿತು. ತಾಗಿಸಿದೆ, ಹೊತ್ತಿತು. ಮೀಟರ್ ತಂದು ಒಂದು ಕಡ್ಡಿಯನ್ನು ನೆಲಕ್ಕೆ, ಇನ್ನೊಂದನ್ನು ಗಾಡಿಗೆ ಇಟ್ಟೆ. ಅಂಕಿಗಳು ನಿಲ್ಲದೆ ಕುಣಿದವು. ಮೂವತ್ತು ವರ್ಷದ ನನ್ನ ಕಸುಬಿನಲ್ಲಿ ನಾನು ನಂಬಿದ್ದು ಆ ಮೀಟರನ್ನು ಮಾತ್ರ. ಈಗ ಅದೂ ಹೌದು, ಇಲ್ಲಿ ಯಾರೋ ಇದ್ದಾರೆ ಎನ್ನುತ್ತಿತ್ತು. ಶಿವ ಶಿವ ಎಂದುಕೊಂಡೆ.

ಆಗ ಬಿಸಿಲು ಬಂತು. ಹನ್ನೊಂದು ಗಂಟೆಯಾಗಿರಬೇಕು. ಮಂಜು ಒಂದೊಂದೇ ಎಳೆಯಾಗಿ ಮೇಲೆದ್ದಿತು. ಮೊದಲು ಕಾಫಿಗೆ ನೆರಳು ಕೊಡುವ ಸಿಲ್ವರ್ ಓಕ್ ಮರಗಳ ತುದಿ ಕಂಡಿತು, ಆಮೇಲೆ ಗುಡ್ಡ, ಗುಡ್ಡದ ಮೇಲೊಂದು ಭಾರಿ ಕಬ್ಬಿಣದ ಟವರು. ಅಲ್ಲಿಂದ ಹೊರಟ ಆರು ತಂತಿಗಳು ಜೋತುಬಿದ್ದು, ಸರಿಯಾಗಿ ನಮ್ಮ ತಲೆಯ ಮೇಲೆ ಹಾದು, ಎದುರು ಗುಡ್ಡಕ್ಕೆ ಹೋಗಿದ್ದವು. ಜುಂಯ್ ಎನ್ನುತ್ತಿದ್ದದ್ದು ಜೇನಲ್ಲ. ಹೈಟೆನ್ಷನ್ ಲೈನು. ಮರ ಕಡಿದು ಬಯಲು ಮಾಡಿದ್ದೇ ಆ ಲೈನಿಗೆ.

ನನಗೆ ನಗು ಬಂತು. ನಕ್ಕೆ ಕೂಡ. ಅಷ್ಟು ದೊಡ್ಡ ತಗಡಿನ ಪೆಟ್ಟಿಗೆ ಅಂಥ ಲೈನಿನ ಕೆಳಗೆ ನಿಂತರೆ, ತಂತಿ ಮುಟ್ಟದಿದ್ದರೂ ಅದರ ಮೈಗೆ ಕರೆಂಟು ಬಂದು ಕೂರುತ್ತದೆ. ಕೆಳಗೆ ರಬ್ಬರ್ ಚಕ್ರ, ಒಣ ಹಲಗೆ. ಇಳಿದು ಹೋಗಲು ದಾರಿಯಿಲ್ಲ. ಬರಿಗಾಲಲ್ಲಿ ನೆಲದ ಮೇಲೆ ನಿಂತು ಯಾರಾದರೂ ಹಿಡಿಕೆ ಹಿಡಿದರೆ ಅವರ ಮೈಯೊಳಗಿಂದ ಇಳಿಯುತ್ತದೆ. ಚಪ್ಪಲಿ ಹಾಕಿದವರಿಗೆ ಗೊತ್ತೇ ಆಗುವುದಿಲ್ಲ. ಒದ್ದೆ ಮೂತಿ ತಾಗಿಸಿದ ನಾಯಿಗೆ ಮಾತ್ರ ಚೆನ್ನಾಗಿ ಗೊತ್ತಾಗುತ್ತದೆ.

ಎಲ್ಲ ತಿಳಿಯಿತೆಂಬ ಖುಷಿಯಲ್ಲಿ ನಾನು ಓಡಿದೆ. ಇವತ್ತಿಗೂ ಆ ಓಟ ನೆನೆದರೆ ನಾಚಿಕೆಯಾಗುತ್ತದೆ. ಮರದ ನೆರಳಲ್ಲಿ ಕೂತಿದ್ದ ಬೋಪಣ್ಣನವರ ಮುಂದೆ ನಿಂತು, ತಂತಿ ತೋರಿಸಿ, ಟೆಸ್ಟರ್ ತೋರಿಸಿ, ಪಾಠ ಒಪ್ಪಿಸಿದೆ. ಅವರು ಕೇಳಿದರು. ನಾನು ನಿಲ್ಲಿಸಲಿಲ್ಲ. ಅವರ ಹಳೆ ಗ್ಯಾರೇಜಿನಿಂದ ಒಂದು ಟ್ಯೂಬ್‌ಲೈಟ್ ತರಿಸಿ, ಸಂಜೆ ಬೆಳಕು ಕಂದುವಾಗ ಅದನ್ನು ಬರಿಗೈಯಲ್ಲಿ ಹಿಡಿದು ಲೈನಿನ ಕೆಳಗೆ ನಿಂತೆ. ತಂತಿಯಿಲ್ಲ, ಸ್ವಿಚ್ಚಿಲ್ಲ, ನನ್ನ ಕೈಯಲ್ಲಿ ಟ್ಯೂಬು ತಿಳಿನೀಲಿಯಾಗಿ, ಉಸಿರಾಡುವ ಹಾಗೆ, ಹೊತ್ತಿಕೊಂಡಿತು. ದಾರಿಯಲ್ಲಿ ದೂರ ನಿಂತಿದ್ದ ದೇಚಮ್ಮ ಬಾಯಿಗೆ ಸೆರಗು ಒತ್ತಿಕೊಂಡರು.

"ನೋಡಿದ್ರಾ ಅಣ್ಣ? ಇಷ್ಟೇ ವಿಷಯ" ಎಂದೆ.

ಬೋಪಣ್ಣ ಆ ಬೆಳಕನ್ನು ನೋಡಿದರು. "ನಲವತ್ತು ವರ್ಷ ವೆಲ್ಡಿಂಗ್ ಮಾಡಿದವ ನಾನು, ಗಿರಿಜಮ್ಮ" ಎಂದರು. "ಶಾಕ್ ಎಂತದ್ದು ಅಂತ ನನಗೆ ಗೊತ್ತಿಲ್ವ?"

ಟ್ಯೂಬ್ ಹಿಡಿದ ನನ್ನ ಕೈ ತಾನಾಗಿ ಕೆಳಗಿಳಿಯಿತು.

"ಮೊದಲನೆ ದಿವಸವೇ ಗೊತ್ತಾಯ್ತು. ಮೇಲೆ ನೋಡಿದೆ, ಲೈನ್ ಇತ್ತು. ಮತ್ತೆ ನಾನು ಮೇಲೆ ನೋಡ್ಲಿಲ್ಲ. ನಾನು ನಿಮ್ಮನ್ನು ಕರೆದದ್ದು ಬ್ಯಾಟರಿ ಹಾಕ್ಲಿಕ್ಕೆ."

ಕ್ಷಮಿಸಿ ಎಂದೆ. ಆದರೆ ಸುಮ್ಮನಿರುವ ಹಾಗೂ ಇರಲಿಲ್ಲ. ಒಳಗೆ ಗ್ಯಾಸ್ ಸಿಲಿಂಡರ್ ಇತ್ತು. ಸಣ್ಣ ಸೋರಿಕೆ, ಒಂದು ಕಿಡಿ, ಸಾಕು. ಮೇಲಾಗಿ ಲಿಥಿಯಂ ಬ್ಯಾಟರಿ, ಇನ್ವರ್ಟರ್ ಕೂರಿಸಿದ ಗಾಡಿಯನ್ನು ಹಾಗೆ ಬಿಟ್ಟು ಹೋಗಲು ನನ್ನ ಮನಸ್ಸು ಒಪ್ಪಲಿಲ್ಲ.

"ಅಣ್ಣ, ಬ್ಯಾಟರಿ ಜೋಡಿಸೋ ಮುಂಚೆ ಅರ್ಥಿಂಗ್ ಮಾಡ್ಲೇಬೇಕು. ನೆಲಕ್ಕೆ ಒಂದು ರಾಡ್ ಹೊಡೆದು ಗಾಡಿಗೆ ಕಟ್ಟಬೇಕು. ಅದು ಆದ್ಮೇಲೆ..." ಎಂದು ನಿಲ್ಲಿಸಿದೆ.

"ಕೈ ಹಿಡಿಯುದಿಲ್ಲ" ಎಂದರು ಅವರು.

"ಇಲ್ಲ."

"ಬಾಗಿಲು ಒಂದು ಬಿಟ್ಟು ಬೇರೆ ಕಡೆಗೆ ಮಾಡ್ಲಿಕ್ಕೆ ಆಗುದಿಲ್ವ?"

ಆಗುವುದಿಲ್ಲ ಎಂದು ಅವರಿಗೂ ಗೊತ್ತಿತ್ತು. ನಾನು ತಲೆಯಾಡಿಸಿದೆ. "ನಾಳೆ ಬನ್ನಿ" ಎಂದರು.

ಮರುದಿನ ಬೆಳಿಗ್ಗೆ ಮತ್ತೆ ಅದೇ ಮಂಜು. ನಾನು ಹೋದಾಗ ಬೋಪಣ್ಣ ಬಾಗಿಲ ಮುಂದೆ ಬರಿಗಾಲಲ್ಲಿ ನಿಂತು ಹಿಡಿಕೆ ಹಿಡಿದುಕೊಂಡಿದ್ದರು. ಎಷ್ಟು ಹೊತ್ತಿನಿಂದಲೋ ಗೊತ್ತಿಲ್ಲ, ಕೂದಲ ಮೇಲೆ ಇಬ್ಬನಿ ಕೂತಿತ್ತು. ಅವರ ತುಟಿ ಅಲ್ಲಾಡುತ್ತಿತ್ತು. ಕೊಡವ ಮಾತು, ನನಗೆ ಕೇಳಿಸಲೂ ಇಲ್ಲ, ಕೇಳಿಸಿಕೊಳ್ಳುವ ಮನಸ್ಸೂ ಆಗಲಿಲ್ಲ. ನಾನು ಓಮ್ನಿಯೊಳಗೆ ಕೂತು ಅಗತ್ಯವೇ ಇಲ್ಲದ ಸ್ಕ್ರೂಗಳನ್ನು ಗಾತ್ರದ ಪ್ರಕಾರ ಜೋಡಿಸಿದೆ.

ಕೊನೆಗೆ ಅವರೇ ಬಂದು ತಾಮ್ರದ ರಾಡ್ ಕೇಳಿದರು. ನನ್ನ ಕೈಗೆ ಸುತ್ತಿಗೆ ಕೊಡಲಿಲ್ಲ. ನೋವಿನ ಕಾಲನ್ನು ಮಡಚಿ ಕೂತು ತಾವೇ ಹೊಡೆದರು. ಒಂದೊಂದು ಏಟಿಗೂ ರಾಡ್ ನಮ್ಮ ಕೆಂಪು ಮಣ್ಣಿನೊಳಗೆ ನಾಲ್ಕು ಬೆರಳು ಇಳಿಯಿತು. ನಾನು ದಪ್ಪ ಗ್ಲೌಸ್ ಹಾಕಿ, ರಾಡಿಗೆ ಕಟ್ಟಿದ ಹಸಿರು ತಂತಿಯ ತುದಿಯನ್ನು ಗಾಡಿಯ ಚೌಕಟ್ಟಿನ ಹತ್ತಿರ ತಂದೆ. ತಾಗುವುದಕ್ಕೆ ಕೂದಲೆಳೆಯಷ್ಟು ಮೊದಲು ಚಟ್ ಎಂದು ಒಂದು ನೀಲಿ ಕಿಡಿ ಹಾರಿತು. ಆಮೇಲೆ ಏನೂ ಇಲ್ಲ. ಮೀಟರ್ ಇಟ್ಟೆ. ಅಂಕಿ ಸೊನ್ನೆಗೆ ಬಂದು ನಿಂತಿತು.

ಬೋಪಣ್ಣ ಹಿಡಿಕೆ ಮುಟ್ಟಿದರು. ಬೆರಳು ಮಡಚಿದರು, ಬಿಚ್ಚಿದರು, ಮತ್ತೆ ಮಡಚಿದರು. "ಆಯ್ತು" ಎಂದರು.

ಉಳಿದ ಕೆಲಸ ಬೇಗ ಮುಗಿಯಿತು. ಫ್ಯೂಸ್ ಹಾಕಿ ಬ್ಯಾಟರಿ ಜೋಡಿಸಿದೆ, ಚಾವಣಿಯ ಮೇಲೆ ಸೋಲಾರ್ ಹಲಗೆ ಕೂರಿಸಿದೆ. ಇನ್ವರ್ಟರ್ ಒಂದು ಸಣ್ಣ ಬೀಪ್ ಕೊಟ್ಟು ಎದ್ದಿತು. ಎರಡೂ ಮಂಚದ ಮೇಲಿನ ದೀಪ ಒಟ್ಟಿಗೆ ಹೊತ್ತಿದವು. ದೇಚಮ್ಮನ ಇಸ್ತ್ರಿಪೆಟ್ಟಿಗೆ ತರಿಸಿ ಅದರಲ್ಲಿ ಬಿಸಿ ಮಾಡಿ ನೋಡಿದೆ, ಇನ್ವರ್ಟರ್ ತಡೆದುಕೊಂಡಿತು. ಬ್ಯಾಟರಿ ಎಷ್ಟು ತುಂಬಿದೆ, ಯಾವ ಹೊತ್ತಿನಲ್ಲಿ ಎಷ್ಟು ಖರ್ಚಾಯಿತು ಎಂದು ತೋರಿಸುವ ಆ್ಯಪನ್ನು ಅವರ ಫೋನಿಗೆ ಹಾಕಿಕೊಟ್ಟೆ. ಗ್ಯಾಸ್ ಸಿಲಿಂಡರನ್ನು ನಾನೇ ಹೊರಗೆ ಇಳಿಸಿದೆ. ಇಷ್ಟು ಒಳ್ಳೆ ಬ್ಯಾಟರಿ ಇರುವಾಗ ಕರೆಂಟಿನಲ್ಲೇ ನೀರು ಕಾಯಿಸಿಕೊಳ್ಳಿ ಎಂದೆ. ಅರ್ಥಿಂಗ್ ಇದ್ದರೂ ಅಂಥ ಕಡೆ ಬಿಡಲು ಮನಸ್ಸಾಗದೆ, ಅದೇ ದಿನ ಲೈನಿನ ಕೆಳಗಿನಿಂದ ಗಾಡಿಯನ್ನು ಎಳೆಸಿ ಕಾಫಿ ಕಣದಲ್ಲಿ ನಿಲ್ಲಿಸಿದ ಮೇಲೆಯೇ ನಾನು ಹೊರಟದ್ದು. ಬೋಪಣ್ಣ ಬೇಸರ ತೋರಿಸಲಿಲ್ಲ. ನನಗೆ ಒಂದು ಚೀಲ ಕಿತ್ತಳೆ ಕೊಟ್ಟರು. ದಾರಿಯುದ್ದಕ್ಕೂ ಆ ವಾಸನೆಯಲ್ಲಿ ಕೂತು, ಇನ್ನೊಬ್ಬರ ಮನೆಯಿಂದ ಏನನ್ನೋ ಎತ್ತಿಕೊಂಡು ಹೋಗುತ್ತಿರುವವಳಂತೆ ಗಾಡಿ ಓಡಿಸಿದೆ.

ಎಂಟು ದಿನದ ನಂತರ ಬೋಪಣ್ಣ ಘಾಟಿ ಇಳಿದರೆಂದು ದೇಚಮ್ಮ ಫೋನ್ ಮಾಡಿದರು. ಭಾವ ಒಬ್ಬರೇ ಹೋದದ್ದಕ್ಕೆ ಅವರಿಗೆ ಕಳವಳ, ತೋಟ ಬಿಟ್ಟು ಹೊರಟದ್ದಕ್ಕೆ ಸಮಾಧಾನ. ನಾನೂ ನನ್ನ ಅಂಗಡಿಯಲ್ಲಿ ಮುಳುಗಿದೆ.

ಫೆಬ್ರವರಿ ಕೊನೆಯ ಒಂದು ಮಧ್ಯಾಹ್ನ ಬೋಪಣ್ಣನವರ ಫೋನು ಬಂತು. ಹಿಂದೆ ಸಮುದ್ರದ ಸದ್ದು.

"ಗಿರಿಜಮ್ಮ, ನಾನೀಗ ಕಾರವಾರದ ಹತ್ತಿರ. ಗಾಳಿ ಮರದ ತೋಪು, ಕರೆಂಟ್ ಲೈನ್ ಒಂದೂ ಇಲ್ಲ. ನಿಮ್ಮ ಫೋನಿಗೆ ಒಂದು ಫೋಟೋ ಹಾಕಿದ್ದೇನೆ, ಆ ಆ್ಯಪಿಂದು. ನೋಡಿ ಹೇಳಿ."

ನೋಡಿದೆ. ಹತ್ತು ದಿನದ ಗೆರೆ. ಬೆಳಿಗ್ಗೆ ಏರಿ, ಸಂಜೆ ಇಳಿಯುವ ಚೆಂದದ ಗೆರೆ. ಆದರೆ ಖರ್ಚಿನ ಗೆರೆಯಲ್ಲಿ ಪ್ರತಿದಿನ ಸಂಜೆ ನಾಲ್ಕು ಗಂಟೆಗೆ ಒಂದು ಚೂಪಾದ ಮೊಳೆ ಎದ್ದಂತೆ, ಒಂದೂವರೆ ಸಾವಿರ ವಾಟ್, ಐದಾರು ನಿಮಿಷ.

"ಯಾವುದೋ ದೊಡ್ಡ ಐಟಮ್ ಹಾಕ್ತಿದ್ದೀರಲ್ಲಣ್ಣ ನಾಲ್ಕು ಗಂಟೆಗೆ?"

"ಮಂಗಳೂರಲ್ಲಿ ಒಂದು ಕೆಟಲ್ ತೆಗೊಂಡೆ. ಅದೇ ಇರಬೇಕು."

"ಹಂಗಾದ್ರೆ ಸರಿ. ಕಾಫಿ ಮಾಡ್ಕೊಳ್ತೀರಿ."

"ಅಲ್ಲ ಮಾರಾಯ್ತಿ, ನಾಲ್ಕು ಗಂಟೆಗೆ ನಾನು ಗಾಡಿಯಲ್ಲಿ ಇರುದಿಲ್ಲ. ಮೂರಕ್ಕೆ ಬೀಗ ಹಾಕಿ ಮರಳಿನ ಮೇಲೆ ನಡೀಲಿಕ್ಕೆ ಹೋಗುದು, ನಾಲ್ಕೂವರೆಗೆ ಬರುದು. ಬಂದು ನೋಡಿದ್ರೆ ಕೆಟಲ್ ಬಿಸಿ ಇರ್ತದೆ."

ನನ್ನ ತೋಳಿನ ರೋಮ ನಿಂತಿತು. ಕಸುಬಿನ ಬುದ್ಧಿ ಕೂಡಲೇ ಓಡತೊಡಗಿತು. ಕೆಟಲಿನ ಸ್ವಿಚ್ ಕೆಟ್ಟಿರಬಹುದು. ಫೋನಿನ ಗಡಿಯಾರ ತಪ್ಪಿರಬಹುದು. ವಯಸ್ಸಾದವರು, ತಾವೇ ಹಾಕಿ ಮರೆತು ಹೋಗುತ್ತಿರಬಹುದು. ಮೂರೂ ನಾಲಿಗೆಯ ತುದಿಗೆ ಬಂದು ನಿಂತವು. ನಾನು ಬಾಯಿ ತೆರೆದೆ.

"ಎಂತ ಕಾರಣ ಅಂತ ನಾನು ಕೇಳಿದ್ದಲ್ಲ" ಎಂದರು ಬೋಪಣ್ಣ, ತುಂಬ ಮೃದುವಾಗಿ. "ಬ್ಯಾಟರಿಗೆ ತೊಂದರೆ ಉಂಟಾ, ಅಷ್ಟೇ ಹೇಳಿ."

ನಾನು ಆ ಹತ್ತು ಮೊಳೆಗಳನ್ನು ಇನ್ನೊಮ್ಮೆ ನೋಡಿದೆ.

"ಬ್ಯಾಟರಿಗೆ ಏನೂ ತೊಂದರೆ ಇಲ್ಲ ಅಣ್ಣ" ಎಂದೆ.

"ಹಾಗಾದ್ರೆ ಇರಲಿ" ಎಂದರು. ಗಂಟೆ ಮೂರಾಗುತ್ತಿತ್ತು. ಅವರು ನಡೆಯಲು ಹೋಗುವ ಹೊತ್ತು. ಗಾಡಿಗೆ ಬೀಗ ಹಾಕಿದ ಸದ್ದು ನನಗೆ ಫೋನಿನಲ್ಲಿ ಕೇಳಿಸಿತು.